ಹದಿನೇಳು ನಿಮಿಷ

ಅರಾಲ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷದಿಂದ
ಹೊಗೆ ಹಾಕಿದ ಮೀನು ಮಾರುತ್ತಿದ್ದೇನೆ.
ಬರುವ ಗಾಡಿ ಯಾವುದೆಂದು
ಅಂಗಾಲಿಗೇ ಗೊತ್ತಾಗುತ್ತದೆ ನನಗೆ:
ಇದು ಎಣ್ಣೆಯ ಗೂಡ್ಸು, ತಿರುಗಿಯೂ ನೋಡುವುದಿಲ್ಲ;
ಇದು ಅಕ್ತೋಬೆಯಿಂದ ಬರುವುದು, ಹದಿನೇಳು ನಿಮಿಷ ನಿಲ್ಲುತ್ತದೆ.
ಹದಿನೇಳು ನಿಮಿಷಕ್ಕೆ ಎಂಟು ಮೀನು. ಚಳಿಗಾಲದಲ್ಲಿ ಐದು.
ಹಸಿರು ದೀಪ ಬಿದ್ದ ಮೇಲೆ ಅದು
ಎಲ್ಲಿ ನೀರು ಕುಡಿಯುತ್ತದೆ, ಎಲ್ಲಿ ಬೆಳಗು ಕಾಣುತ್ತದೆ
ಕೇಳಿದವಳಲ್ಲ.

ಈಗ ಕೇಳಬೇಕಾಗಿದೆ.
ಅಕ್ಕ ಬಿಬಿಜಾರ್ ಸೆಮೆಯ್‌ನಿಂದ ಫೋನು ಮಾಡಿದ್ದಾಳೆ:
‘ಕಣ್ಣಿನ ಪೊರೆ ತೆಗೆಸುತ್ತಿದ್ದೇನೆ, ಕುರಲಾಯ್.
ಕಟ್ಟು ಬಿಚ್ಚುವ ದಿನ ಎದುರಿಗೆ ನೀನಿರು.
ಮೊದಲು ಆ ಡಾಕ್ಟರನ ಮುಖ ಯಾಕೆ ನೋಡಲಿ?’

ಗೋಡೆಯ ಹಲಗೆಯಲ್ಲಿ
ಸತ್ತ ಗಾಡಿಗಳೂ ಇನ್ನೂ ಓಡುತ್ತಿವೆ.
ವೇಳಾಪಟ್ಟಿಯ ಹಳೆಯ ಪುಸ್ತಕವೊಂದಿತ್ತು,
ಅದರ ಹಾಳೆಗಳಲ್ಲಿ ನಾನೇ ಮೀನು ಕಟ್ಟಿಕೊಟ್ಟಿದ್ದೇನೆ;
ತುರ್ಕಿಸ್ತಾನದ ಪುಟ ಎಂದೋ ತುರ್ಕಿಸ್ತಾನಕ್ಕೇ ಹೋಯಿತು.
ಅಳಿಯನ ಮೊಬೈಲು ಒಂದು ಪ್ರಶ್ನೆಗೆ ಮೂರು ಉತ್ತರ ಕೊಟ್ಟಿತು,
ಒಂದರಲ್ಲಿ ಹೊರಡುವುದಕ್ಕೆ ಮೊದಲೇ ತಲುಪಿಬಿಟ್ಟಿದ್ದೆ.

ಮೊದಲು ಊರಿಗೊಂದು ಹೊತ್ತು, ರೈಲಿಗೊಂದು ಹೊತ್ತು ಇತ್ತು.
ನಿಲ್ದಾಣದ ಬಾಗಿಲು ದಾಟಿದರೆ
ಒಂದು ಗಂಟೆ ವಯಸ್ಸಾಗುತ್ತಿತ್ತು,
ಮನೆಗೆ ಬಂದರೆ ಇಳಿಯುತ್ತಿತ್ತು.
ಈಗ ಇಡೀ ದೇಶಕ್ಕೆ ಒಂದೇ ಗಡಿಯಾರ.
ಹಳೆಯ ಅಂಕಿಗಳಲ್ಲಿ ಯಾವುದಕ್ಕೆ ಒಂದು ಕಳೆಯಬೇಕು,
ಯಾವುದನ್ನು ಯಾರೋ ಆಗಲೇ ಕಳೆದಿದ್ದಾರೆ?
‘ಗುರುವಾರ ಹೊಸ ಪಟ್ಟಿ ಬರುತ್ತೆ’ ಅಂದಳು
ಕಿಟಕಿಯ ರೌಜಾ. ಯಾವ ಗುರುವಾರ ಅಂತ ಹೇಳಲಿಲ್ಲ.
ಅವಳನ್ನು ಬೈದು ಪ್ರಯೋಜನವಿಲ್ಲ,
ನಮ್ಮೂರು ಬಿಟ್ಟು ಹೋದ ಸಮುದ್ರವೂ
ಹೊರಡುವ ಹೊತ್ತು ಬರೆದಿಟ್ಟು ಹೋಗಲಿಲ್ಲ.

ಆಮೇಲೆ ಹೊಳೆಯಿತು.
ಡಬ್ಬಿಯೊಂದರ ರಟ್ಟು ಹರಿದೆ, ಪೆನ್ಸಿಲು ಕಿವಿಗೆ ಸಿಕ್ಕಿಸಿದೆ.
ಬಂದ ಪ್ರತಿ ಗಾಡಿಯ ಬೋಗಿ ಕಾಯುವವರನ್ನು ಹಿಡಿದೆ:
ಒಂದು ನಿಲ್ದಾಣಕ್ಕೆ ಒಂದು ಮೀನು,
ನಿನ್ನೆ ನಿಂತದ್ದು ಹೇಳಬೇಕು, ನಿಲ್ಲಬೇಕಾದದ್ದಲ್ಲ.
ಕಜಾಲಿಯನ್ನು ಒಬ್ಬ ಗಡ್ಡದವನು ಕೊಟ್ಟ.
ಶಿಯೆಲಿಗೆ ಬಾಲ ಸಾಕಾಯಿತು.
ಅರಿಸ್‌ನಲ್ಲಿ ಎಂಜಿನ್ನು ಬದಲಿಸುತ್ತಾರಂತೆ,
ಇಳಿದು ಕಾಲಾಡಿಸಬಹುದು.
ಅಲ್ಮಾತಿಯಲ್ಲಿ ಎರಡು ನಿಲ್ದಾಣ, ತಪ್ಪಿ ಇಳಿಯಬೇಡ ಎಂದು
ಕೈ ಹಿಡಿದು ಹೇಳಿದ ದಮೇಲಿ ಮೀನನ್ನೇ ಮುಟ್ಟಲಿಲ್ಲ.
ಅಲ್ಲಿಂದ ಮೇಲಕ್ಕೆ, ಅಯಾಗೋಜ್ ದಾಟಿ ಸೆಮೆಯ್ ತನಕ,
ಬಲ್ಲವರು ಸಿಗಲು ಒಂಬತ್ತು ದಿನ ಹಿಡಿಯಿತು.
ರಟ್ಟಿನ ತುಂಬ ಎಣ್ಣೆ, ಅಂಕಿ, ಪೊರೆ.
ಮೂಸಿ ನೋಡಿದರೂ ದಾರಿ ತಿಳಿಯುವಂತಿತ್ತು.

ಹೊರಟ ದಿನ ಕಿಟಕಿಯ ಪಕ್ಕ ಕೂತೆ.
ನನ್ನದೇ ಪ್ಲಾಟ್‌ಫಾರ್ಮು ಮೇಲಿನಿಂದ
ಯಾರದೋ ಊರಿನ ಹಾಗೆ ಕಂಡಿತು.
ಗುಲ್ಬರ್ಶಿನ್, ನನ್ನ ಬದ್ಧ ವೈರಿ, ಬುಟ್ಟಿ ಎತ್ತಿ ಬಂದಳು,
ಗುರುತಿಲ್ಲದವಳಂತೆ ದರ ಹೇಳಿದಳು.
ನಾನೂ ಗುರುತಿಲ್ಲದವಳಂತೆ ಚೌಕಾಸಿ ಮಾಡಿದೆ.
ದೊಡ್ಡ ನೋಟು ಕೊಟ್ಟೆ. ಹೊತ್ತಿದೆ,
ಇನ್ನೂ ನಾಲ್ಕು ನಿಮಿಷ ಇದೆ ಅಂದುಕೊಂಡೆ.

ಹದಿಮೂರಕ್ಕೇ ಹೊರಟುಬಿಟ್ಟಿತು.
ಆ ಗುರುವಾರ ಬಂದಿರಬೇಕು, ಸದ್ದಿಲ್ಲದೆ.
ಚಿಲ್ಲರೆ ಹಿಡಿದು ಓಡಿಬಂದಳು ಗುಲ್ಬರ್ಶಿನ್,
ಓಡಿದಷ್ಟೂ ನಕ್ಕಳು, ಆಮೇಲೆ ನಿಂತಳು.
ಇಪ್ಪತ್ತೆರಡು ವರ್ಷದಲ್ಲಿ
ಎಷ್ಟು ಜನರ ಚಿಲ್ಲರೆ ನನ್ನ ಏಪ್ರನ್ನಿನಲ್ಲೇ ಉಳಿದಿತ್ತೋ.

ಎದುರು ಸೀಟಿನ ಹುಡುಗ ಕೇಳಿದ:
‘ಅಜ್ಜಿ, ಕಜಾಲಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ?’
ರಟ್ಟು ತೆಗೆದೆ, ಪೆನ್ಸಿಲೂ ತೆಗೆದೆ.
‘ನಿಲ್ಲಲಿ, ನೋಡಿ ಬರೆಯೋಣ’ ಅಂದೆ.